ಮಾಷ್ಟ್ರು ಕಟ್ಟಿದ ಅಬ್ಬಲಿಗೆ

ನನಗೆ ಮೊದಲ ಕೆಲಸ ಸಿಕ್ಕಿದ್ದು ಕಾಣಿಯೂರಿನ ಹತ್ತಿರದ ಒಂದು ಎಲಿಮೆಂಟರಿ ಶಾಲೆಯಲ್ಲಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತಮೂರು ವರ್ಷ. ಹುಟ್ಟೂರು ಆಲೆಟ್ಟಿ, ಮನೆಮಾತು ಅರೆಭಾಷೆ. ಅಪ್ಪ ನಾನು ಟ್ರೈನಿಂಗಿನಲ್ಲಿದ್ದಾಗಲೇ ತೀರಿಹೋಗಿದ್ದರು. ಮನೆಯಲ್ಲಿ ಅವ್ವ, ಅವಳ ಜೊತೆಗೆ ಗದ್ದೆ ತೋಟ ನೋಡಿಕೊಳ್ಳುವ ನನ್ನ ಸೋದರಮಾವ. ನನಗೆ ಗಂಜಿ ಬೇಯಿಸಲು ಬರುತ್ತಿತ್ತು, ಚಟ್ನಿ ಅರೆಯಲು ಬರುತ್ತಿತ್ತು. ಹೂವಿನ ಗಿಡದ ಬಗ್ಗೆ ಮಾತ್ರ ಏನೊಂದೂ ಗೊತ್ತಿರಲಿಲ್ಲ. ಅಪ್ಪ ಇದ್ದಾಗ ಅವ್ವ ಮುಡಿಯುತ್ತಿದ್ದ ಹೂವು ಎಲ್ಲಿಂದ ಬರುತ್ತಿತ್ತು ಎಂದು ಕೂಡ ಆ ತನಕ ಯೋಚಿಸಿದವನಲ್ಲ.

ಶಾಲೆಗೆ ಹತ್ತು ನಿಮಿಷದ ದಾರಿಯಲ್ಲಿ ಒಂದು ಬ್ಯಾರಿ ಮುಸ್ಲಿಮ್ ಕುಟುಂಬದ ಮನೆ ಇತ್ತು. ಯಜಮಾನರದು ರಸ್ತೆಬದಿಯಲ್ಲಿ ಬೆಲ್ಲ, ಹೊಗೆಸೊಪ್ಪು, ಒಣಮೀನಿನ ಅಂಗಡಿ. ಅವರ ಹೆಂಡತಿಗೆ ಆಗಲೇ ಅರುವತ್ತರ ಹತ್ತಿರ. ಜಾತಿ ಭೇದವಿಲ್ಲದೆ ಊರಿಗೆ ಊರೇ ಅವರನ್ನು ಉಮ್ಮ, ಅಂದರೆ ಅಮ್ಮ, ಎಂದು ಕರೆಯುತ್ತಿತ್ತು. ಅವರ ಮನೆಗೆ ತಾಗಿದಂತೆ, ನಡುವೆ ಒಂದು ಮೋಟು ಪಾಗಾರದ ಗೋಡೆ ಮಾತ್ರ ಬಿಟ್ಟು, ಎರಡು ಕೋಣೆಯ ಹೆಂಚಿನ ಮನೆಯೊಂದಿತ್ತು. ಶಾಲೆಗೆ ಬಂದ ಮಾಷ್ಟ್ರುಗಳಿಗೆ ಅವರು ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ನನಗಿಂತ ಮೊದಲು ಅಲ್ಲಿದ್ದ ಮಾಷ್ಟ್ರು ವರ್ಗವಾಗಿ ಹೆಂಡತಿ ಮಕ್ಕಳ ಜೊತೆ ಕುಂದಾಪುರದ ಕಡೆಗೆ ಹೋಗಿದ್ದರು.

ನಾನು ಟ್ರಂಕು ಇಳಿಸಿದ್ದು ಮೇ ತಿಂಗಳ ಕೊನೆಯಲ್ಲಿ. ಸೆಖೆಗೆ ಮೈಯೆಲ್ಲ ಅಂಟಂಟಾಗಿತ್ತು. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಬಾವಿಯ ನೀರು ಸೇದಿ ತಲೆಗೆ ಹೊಯ್ದುಕೊಂಡೆ. ನಾಲ್ಕನೇ ಕೊಡ ಆಗುವಾಗ ಪಕ್ಕದಲ್ಲಿ ಟಕ್ ಎಂದು ಸದ್ದಾಯಿತು. ಆಮೇಲೆ ಟಕ್, ಟಕ್ ಎಂದು ಎರಡು ಕಡೆಯಿಂದ. ಏನೋ ಸಣ್ಣದು ಬಂದು ಮೊಣಕಾಲಿಗೆ ಬಡಿಯಿತು. ನಾನು ಯಾವುದೋ ಹುಳ ಹಾರುತ್ತಿದೆ ಎಂದುಕೊಂಡು ಒದ್ದೆ ಪಂಚೆಯಲ್ಲೇ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಪಾಗಾರದ ಆಚೆ ನಗು ಕೇಳಿಸಿತು. ಉಮ್ಮ ಅಲ್ಲಿ ಹಿಂದಿನ ಜಗಲಿಯಲ್ಲಿ ಬಿದಿರಿನ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದರು.

ಅದು ಹುಳವಲ್ಲ, ಅಬ್ಬಲಿಗೆಯ ಕಾಯಿ ಎಂದು ಅವರು ಹೇಳಿದರು. ಘಟ್ಟದ ಮೇಲಿನವರು ಕನಕಾಂಬರ ಎನ್ನುವ ಹೂವು. ಒಣಗಿದ ತೆನೆಯ ಮೇಲೆ ನೀರು ಬಿದ್ದರೆ ಕಾಯಿ ಸಿಡಿದು ಬೀಜ ದೂರಕ್ಕೆ ಹಾರುತ್ತದಂತೆ. ನಾನು ಬಗ್ಗಿ ನೋಡಿದೆ. ಕಲ್ಲಿನ ಬದಿಯಲ್ಲಿ ನೀರಿಲ್ಲದೆ ಬಾಡಿದ ಐದಾರು ಗಿಡಗಳಿದ್ದವು. ತುದಿಯಲ್ಲಿ ಕಂದು ಬಣ್ಣದ ತೆನೆಗಳು. ಇವನ್ನು ನೆಟ್ಟವರು ಹಿಂದಿನ ಮಾಷ್ಟ್ರ ಹೆಂಡತಿ, ಹೋಗುವ ದಿನ ಗಿಡದ ಹತ್ತಿರ ನಿಂತು ಕಣ್ಣೀರು ಹಾಕಿದ್ದರು, ಮುಂದೆ ಬರುವವರಿಗೆ ನೀರು ಹಾಕಲು ಹೇಳಿ ಎಂದು ತಮ್ಮ ಹತ್ತಿರ ಹೇಳಿ ಹೋಗಿದ್ದಾರೆ ಎಂದು ಉಮ್ಮ ವಿವರಿಸಿದರು. ಆಮೇಲೆ ಕೇಳಿದರು, "ನಿಮ್ಮ ಹೆಂಡತಿ ಯಾವಾಗ ಬರುದು, ಮಾಷ್ಟ್ರೇ?"

ನನಗೆ ಮದುವೆ ಆಗಿಲ್ಲ ಎಂದೆ.

"ಹಾಗಾದ್ರೆ ಗಿಡ ನೋಡುವವರು ಯಾರು?"

ಯಾರೋ ಗುರುತಿಲ್ಲದ ಹೆಂಗಸು ಅತ್ತು ಹೋದದ್ದನ್ನು ಆಗ ತಾನೇ ಕೇಳಿದ್ದೆ. ಮೈಮೇಲೆ ನೆಟ್ಟಗೆ ಬಟ್ಟೆಯೂ ಇಲ್ಲದೆ ನಿಂತಿದ್ದೆ. ಮಾತು ಬೇಗ ಮುಗಿಯಲಿ ಎಂದು, ನಾನೇ ನೋಡುತ್ತೇನೆ ಎಂದುಬಿಟ್ಟೆ.

ಹಳೆಯ ಗಿಡಗಳು ಉಳಿಯಲಿಲ್ಲ. ಆದರೆ ಜೂನಿನ ಎರಡನೇ ವಾರ ಒಗೆಯುವ ಕಲ್ಲಿನ ಸುತ್ತ, ಮೆಟ್ಟಿಲ ಸಂದಿನಲ್ಲಿ, ಬಾವಿಕಟ್ಟೆಯ ಬುಡದಲ್ಲಿ ಎಲ್ಲೆಂದರಲ್ಲಿ ಎರಡೆಲೆಯ ಸಸಿಗಳು ಎದ್ದವು. ನಲ್ವತ್ತಕ್ಕೂ ಹೆಚ್ಚು ಇದ್ದವು. ನನಗೆ ಖುಷಿಯೋ ಖುಷಿ. ಎಲ್ಲವನ್ನೂ ಕಿತ್ತು ಅಂಗಳದ ಒಂದು ತಗ್ಗಿನಲ್ಲಿ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿದೆ. ವಾರ ಕಳೆಯುವಷ್ಟರಲ್ಲಿ ತಗ್ಗಿನಲ್ಲಿ ನೀರು ನಿಂತು ಅರ್ಧಕ್ಕಿಂತ ಹೆಚ್ಚು ಕೊಳೆತುಹೋದವು. ಕಾಲಡಿಯಲ್ಲಿ ನೀರು ನಿಂತರೆ ನೀವು ಕೂಡ ಕೊಳೆಯುತ್ತೀರಿ ಎಂದು ಉಮ್ಮ ಬೈದರು. ಮಣ್ಣು ಏರಿಸಿ ದಿಂಡು ಮಾಡಬೇಕು, ಅದಕ್ಕೆ ಸುಡುಮಣ್ಣು ಹಾಕಬೇಕು ಎಂದರು.

ಒಣಸೊಪ್ಪು ತರಗೆಲೆಯ ಮೇಲೆ ಮಣ್ಣು ಹರಡಿ, ಒಳಗೊಳಗೇ ಉರಿಸಿ ಮಾಡುವ ಗೊಬ್ಬರಕ್ಕೆ ಸುಡುಮಣ್ಣು ಎನ್ನುತ್ತಾರೆ. ಮಾವ ಅದನ್ನು ಮಾಡುವುದನ್ನು ನೋಡಿದ್ದೆ, ಮಾಡಿ ಗೊತ್ತಿರಲಿಲ್ಲ. ಮಳೆ ಬಿಟ್ಟ ಒಂದು ಭಾನುವಾರ ನಾನೂ ಮಾಡಿದೆ. ಸೊಪ್ಪು ಹಸಿಯಿತ್ತು, ಮಣ್ಣು ಅದಕ್ಕಿಂತ ಹಸಿ. ಬೆಂಕಿ ಹತ್ತುವುದಕ್ಕೆ ಬದಲು ಹೊಗೆ ಎದ್ದಿತು. ಎಂಥ ಹೊಗೆಯೆಂದರೆ, ನನ್ನ ಮನೆಯನ್ನೂ ಉಮ್ಮನ ಮನೆಯನ್ನೂ ಮುಚ್ಚಿಕೊಂಡು ರಸ್ತೆಯವರೆಗೆ ಹೋಯಿತು. ನಮ್ಮ ಹೆಡ್‌ಮಾಷ್ಟ್ರು ಬನಿಯನಿನಲ್ಲೇ ಓಡಿ ಬಂದರು, ಅವರ ಹಿಂದೆ ಕೊಡಪಾನ ಹಿಡಿದ ಇಬ್ಬರು. ಹೊಸ ಮಾಷ್ಟ್ರ ಮನೆಗೆ ಬೆಂಕಿ ಬಿದ್ದಿದೆ ಎಂದು ಯಾರೋ ಹೇಳಿದ್ದರಂತೆ. ನಾನು ಕಣ್ಣುಜ್ಜುತ್ತ, ಇದು ಅಬ್ಬಲಿಗೆಗೆ ಗೊಬ್ಬರ ಎಂದೆ. ಹೆಡ್‌ಮಾಷ್ಟ್ರು ಮಸಿ ಹಿಡಿದ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಬಂದವರನ್ನು ಕರೆದುಕೊಂಡು ವಾಪಸು ಹೋದರು.

ಕೊನೆಗೆ ಉಳಿದದ್ದು ಏಳು ಗಿಡ. ಆ ಏಳನ್ನು ನಾನು ಹೇಗೆ ನೋಡಿಕೊಂಡೆನೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಜೋರು ಮಳೆಗೆ ತೆಂಗಿನ ಮಡಲು ಅಡ್ಡ ಕಟ್ಟಿದೆ. ಅಕ್ಕಿ ತೊಳೆದ ನೀರನ್ನು ಹನಿಯೂ ಚೆಲ್ಲದೆ ತಂದು ಹಾಕಿದೆ. ಶಾಲೆಯಿಂದ ಬಂದು ಅಂಗಿ ಬಿಚ್ಚುವ ಮೊದಲು ಗಿಡದ ಹತ್ತಿರ ಹೋಗುತ್ತಿದ್ದೆ. ಹೊಸ ಊರು, ಗೆಳೆಯರಿಲ್ಲ, ನಾಲ್ಕೂವರೆಯ ಮೇಲೆ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ಅದಕ್ಕೇ ಇರಬೇಕು.

ನವರಾತ್ರಿಯ ಹೊತ್ತಿಗೆ ಮೊದಲ ತೆನೆ ಬಂತು. ಹಸಿರು ಜೋಳದ ಕದಿರಿನಂತೆ ಎದ್ದು ನಿಂತ ತೆನೆಯ ಬುಡದಲ್ಲಿ ಒಂದು ಬೆಳಿಗ್ಗೆ ಎರಡು ಹೂ ಬಿಚ್ಚಿಕೊಂಡಿದ್ದವು. ಮಾಗಿದ ಕಿತ್ತಳೆಗೆ ಸ್ವಲ್ಪ ಕೆಂಪು ಬೆರೆಸಿದ ಬಣ್ಣ. ಮೂಸಿ ನೋಡಿದೆ, ಪರಿಮಳವೇ ಇಲ್ಲ. ಆದರೆ ಮರುದಿನ ಮತ್ತೆರಡು, ಅದರ ಮರುದಿನ ಇನ್ನೆರಡು, ಹೀಗೆ ಕೆಳಗಿನಿಂದ ಮೇಲಕ್ಕೆ ಬಿಡುತ್ತಲೇ ಹೋಯಿತು. ಅಬ್ಬಲಿಗೆಯ ದೊಡ್ಡಗುಣ ಅದು. ಮಲ್ಲಿಗೆಯ ಹಾಗೆ ಒಂದು ಕಾಲಕ್ಕೆ ಸುರಿದು ಮತ್ತೆ ತಿಂಗಳುಗಟ್ಟಲೆ ಕಾಯಿಸುವ ಜಾತಿಯಲ್ಲ. ಸ್ವಲ್ಪ ಸ್ವಲ್ಪವಾಗಿ ವರ್ಷವಿಡೀ ಕೊಡುತ್ತದೆ. ಬೇರು ಗಟ್ಟಿಯಿದ್ದರೆ ನಾಲ್ಕೈದು ವರ್ಷ ಅದೇ ಗಿಡ.

ನಾನು ಹೂವನ್ನು ಕೊಯ್ಯಲಿಲ್ಲ. ಕೊಯ್ದು ಯಾರಿಗೆ ಕೊಡಲಿ? ಗಿಡದಲ್ಲೇ ಇದ್ದರೆ ಚಂದ ಎಂದು ಬಿಟ್ಟೆ. ಒಂದು ತಿಂಗಳಾಗುವಾಗ ತೆನೆಗಳು ಒಣಗಿ ಕಾಯಿ ಕಟ್ಟಿದವು, ಹೊಸ ತೆನೆ ಬರುವುದು ನಿಂತಿತು. ನನಗೆ ಗಾಬರಿಯಾಯಿತು. ಉಮ್ಮನಲ್ಲಿ ಹೇಳಿದೆ. ಅವರು ಬೀಡಿಯ ಗೆರಸೆಯನ್ನು ಕೆಳಗಿಟ್ಟು ಪಾಗಾರದ ಹತ್ತಿರ ಬಂದು, ಗಿಡವನ್ನೂ ನನ್ನನ್ನೂ ನೋಡಿದರು.

"ನೀವು ಹೂ ಕೊಯ್ಯುದಿಲ್ಲ ಅಲ್ವಾ? ಕೊಯ್ಯದಿದ್ರೆ ಅದು ಮುದುಕಿ ಆಯ್ತು ಅಂತ ಲೆಕ್ಕ ಹಾಕ್ತದೆ. ಮತ್ತೆ ಎಂತಕ್ಕೆ ಹೂ ಬಿಡುದು?"

ಒಣಗಿದ ತೆನೆಗಳನ್ನೆಲ್ಲ ತಮ್ಮ ಎದುರಿಗೇ ನನ್ನಿಂದ ಚಿವುಟಿಸಿದರು. ಇನ್ನು ಮೇಲೆ ದಿನ ಬಿಟ್ಟು ದಿನ ಹೂ ಕೊಯ್ಯಲೇಬೇಕು ಎಂದು ಕಟ್ಟಪ್ಪಣೆ ಮಾಡಿದರು. ಮೂರು ವಾರದಲ್ಲಿ ಗಿಡ ಮತ್ತೆ ಚಿಗುರಿತು, ಒಂದೊಂದು ಕೊಂಬೆಗೆ ಮೂರು ಮೂರು ತೆನೆ. ಕೊಯ್ದ ಹೂವನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ಉಮ್ಮನಿಗೆ ಕೊಟ್ಟೆ. ಬಿಡಿ ಹೂವಿನಿಂದ ಏನು ಮಾಡುವುದು, ಕಟ್ಟಿ ಕೊಡಿ ಎಂದರು. ನನಗೆ ಬರುವುದಿಲ್ಲ ಎಂದೆ. ಮಕ್ಕಳಿಗೆ ಮಗ್ಗಿ ಕಲಿಸುವವರಿಗೆ ಇದೊಂದು ಬಾರದೇ ಎಂದು ಕೇಳಿದರು.

ಹಾಗೆ ನನ್ನ ಪಾಠ ಶುರುವಾಯಿತು. ಪಾಗಾರದ ಆಚೆ ಅವರ ಜಗಲಿ, ಈಚೆ ನನ್ನ ಜಗಲಿ. ಅವರು ಬೀಡಿ ಕಟ್ಟುತ್ತಲೇ ಹೇಳಿಕೊಡುವುದು, ನಾನು ನೋಡಿ ಮಾಡುವುದು. ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿ ಸೀಳಬೇಕು. ಎರಡು ಹೂ ಈ ಕಡೆಗೆ, ಎರಡು ಹೂ ಆ ಕಡೆಗೆ ಮುಖ ಮಾಡಿಡಬೇಕು. ನಾರು ಸುತ್ತಿ, ಕುಣಿಕೆ ಹಾಕಿ ಎಳೆಯಬೇಕು. ಅಬ್ಬಲಿಗೆಯ ತೊಟ್ಟು ಕೂದಲಿನಷ್ಟೇ ಸಪೂರ. ಜೋರಾಗಿ ಎಳೆದರೆ ತುಂಡಾಗಿ ಹೂ ಮಡಿಲಿಗೆ ಬೀಳುತ್ತದೆ, ಸಡಿಲ ಬಿಟ್ಟರೆ ಇಡೀ ಮಾಲೆ ಜಾರುತ್ತದೆ. ಹದಿನೈದು ದಿನ ನನ್ನ ಮಡಿಲೇ ತುಂಬಿತು, ಮಾಲೆ ಆಗಲಿಲ್ಲ. ಆಮೇಲೆ ಉಮ್ಮ ಬೀಡಿಗೆ ನೂಲು ಸುತ್ತಿ ತುದಿಯನ್ನು ಉಗುರಿನಲ್ಲಿ ಒಳಗೆ ತಳ್ಳುವುದನ್ನು ಗಮನಿಸಿ ನೋಡಿದೆ. ಹೂವಿಗೂ ಹಾಗೇ ಮಾಡಿದೆ. ಹೂ ನಿಂತಿತು. ಆ ಕ್ರಿಸ್‌ಮಸ್ ರಜೆಗೆ ಮೊದಲು ಒಂದು ಮೊಳ ಕಟ್ಟಿ ಪಾಗಾರದ ಮೇಲಿಟ್ಟೆ. ಉಮ್ಮ ಅದನ್ನು ಎರಡು ಕೈಯಲ್ಲಿ ಎಳೆದು, ಕೊಡವಿ, ತಿರುಗಿಸಿ ನೋಡಿ, ಒಂದೂ ಉದುರದ್ದನ್ನು ಕಂಡು, ಸಾಕು ಪಾಸಾಯಿತು ಎಂದರು. ಟ್ರೈನಿಂಗ್ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಈಗ ತೊಂದರೆ ಶುರುವಾಯಿತು. ಹೂ ಕೊಯ್ಯದೆ ಇರುವಂತಿಲ್ಲ. ಕೊಯ್ದದ್ದನ್ನು ಕಟ್ಟದೆ ಇರಲು ಮನಸ್ಸು ಬಾರದು. ಕಟ್ಟಿದ್ದಕ್ಕೆ ಮುಡಿಯುವವರು ಇಲ್ಲ. ಶುಕ್ರವಾರ ಶಾಲೆಯ ಭಜನೆಗೆ ಶಾರದೆಯ ಪಟಕ್ಕೆ ಒಂದು ಮಾಲೆ ಹೋಗುತ್ತಿತ್ತು. ಉಮ್ಮನ ಮೊಮ್ಮಕ್ಕಳು ಬಂದಾಗ ಒಂದೊಂದು ತುಂಡು. ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಮಡಕೆಯಲ್ಲಿಡುತ್ತಿದ್ದೆ. ಅಬ್ಬಲಿಗೆ ಬೇಗ ಬಾಡದು, ನಾಲ್ಕು ದಿನ ಬಣ್ಣ ಹಾಗೇ ಇರುತ್ತದೆ. ಹಾಗಾಗಿ ನನ್ನ ಮನೆಯಲ್ಲಿ ಯಾವತ್ತು ನೋಡಿದರೂ ಎರಡು ಮೊಳ ಹೂವಿನ ದಾಸ್ತಾನು.

ನನ್ನ ಜಗಲಿ ರಸ್ತೆಗೆ ಕಾಣುತ್ತಿತ್ತು. ಸಂಜೆ ಗದ್ದೆಯಿಂದ, ಸಂತೆಯಿಂದ ಹೋಗುವ ಹೆಂಗಸರು ಮದುವೆಯಾಗದ ಮಾಷ್ಟ್ರು ಚಕ್ಕಳಮಕ್ಕಳ ಕೂತು ಹೂ ಕಟ್ಟುವುದನ್ನು ದಿನಾ ನೋಡಿದರು. ಯಾರಿಗೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವರವರೇ ಉತ್ತರ ಹುಡುಕಿಕೊಂಡರು. ನೀರು ಹರಿಯುವ ತೋಡಿನ ಆಚೆಯ ಮನೆಗೆ ಎಂದು ಕೆಲವರು, ಅಲ್ಲ ದೋಳ್ಪಾಡಿ ದಾರಿಯಲ್ಲಿ ಯಾರೋ ಇದ್ದಾರೆ ಎಂದು ಕೆಲವರು. ನನ್ನ ಜೊತೆಯ ಮಾಷ್ಟ್ರೊಬ್ಬರು ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇದನ್ನೆಲ್ಲ ಹೇಳಿ, ನನ್ನ ಹತ್ತಿರವಾದರೂ ಹೆಸರು ಹೇಳಿ ಮಾರಾಯ್ರೆ, ಯಾರಿಗೂ ಹೇಳುವುದಿಲ್ಲ ಎಂದು ಪಿಸುಗುಟ್ಟಿದರು. ಯಾರೂ ಇಲ್ಲ ಎಂದರೆ ಅವರಿಗೆ ಬೇಸರವಾಯಿತು. ಗುಟ್ಟು ಬಿಡುತ್ತಿಲ್ಲ ಎಂದೇ ತಿಳಿದರು.

ಸುದ್ದಿ ಬೆಳ್ಳಾರೆ ದಾಟಿ ಆಲೆಟ್ಟಿಗೆ ಮುಟ್ಟಲು ಎರಡು ತಿಂಗಳು ಬೇಕಾಯಿತು. ಮುಟ್ಟಿದ ಮೇಲೆ ತಡವಾಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುವಾಗ ನನ್ನ ಜಗಲಿಯಲ್ಲಿ ಅವ್ವ ಮತ್ತು ಮಾವ ಕೂತಿದ್ದರು. ಬೆಳ್ಳಾರೆಯವರೆಗೆ ಬಸ್ಸು, ಅಲ್ಲಿಂದ ನಡೆದು ಬಂದಿದ್ದರು. ಕಾಗದ ಹಾಕಿ ಬರುವ ಪದ್ಧತಿಯ ಅವ್ವ ಹೇಳದೆ ಬಂದಿದ್ದಾಳೆಂದರೆ ಯಾರಿಗಾದರೂ ಮೈ ಹುಷಾರಿಲ್ಲವೋ ಎಂದು ನನಗೆ ಹೆದರಿಕೆಯಾಯಿತು. ನಾನು ಬಾಗಿಲು ತೆಗೆದದ್ದೇ ಅವ್ವ ಒಳಗೆ ಹೋಗಿ ಎರಡು ಕೋಣೆಯನ್ನೂ ಸುತ್ತಿದಳು. ಬಟ್ಟೆ ಹಾಕುವ ಹಗ್ಗ ನೋಡಿದಳು, ಚಾಪೆ ಎಷ್ಟಿದೆ ನೋಡಿದಳು. ಕೊನೆಗೆ ಮೂಲೆಯ ಮಡಕೆಯಲ್ಲಿ ಕೈ ಹಾಕಿ, ಒದ್ದೆ ಬಟ್ಟೆ ಬಿಚ್ಚಿ, ಎರಡು ಮೊಳ ಅಬ್ಬಲಿಗೆಯನ್ನು ಎತ್ತಿ ಹಿಡಿದಳು.

"ನಿಜ ಹೇಳ್ ಮಗ. ಯಾರಿಗೆ ಈ ಹೂ?"

ನಾನು ಮೊದಲಿನಿಂದ ಹೇಳಿದೆ. ಬೀಜ ಸಿಡಿದದ್ದು, ಹಿಂದಿನ ಮಾಷ್ಟ್ರ ಹೆಂಡತಿ ಅತ್ತದ್ದು, ಕೊಯ್ಯದಿದ್ದರೆ ಗಿಡ ಹೂ ಬಿಡುವುದು ನಿಲ್ಲಿಸುವುದು, ಕಟ್ಟಲು ಕಲಿತದ್ದು. ಹೇಳುತ್ತ ಹೋದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಮಾವ ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು, ಹುಡುಗಿ ನಮ್ಮ ಜಾತಿಯವಳೇ ಆದರೆ ಹೆದರುವುದು ಬೇಡ ಎಂದರು. ಅವ್ವ ಅವರನ್ನು ಸುಮ್ಮನಿರಿಸಿ, ಕಲಿಸಿದವರು ಯಾರು ಎಂದು ಕೇಳಿದಳು. ನಾನು ಪಾಗಾರದ ಕಡೆ ಕೈ ತೋರಿಸಿದೆ. ಹೂವಿನ ಮಾಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವ್ವ ಅಂಗಳ ಸುತ್ತಿ ಉಮ್ಮನ ಮನೆಗೆ ಹೋದಳು.

ಅವ್ವನಿಗೆ ಅರೆಭಾಷೆ ಬಿಟ್ಟರೆ ತುಳು ಅಷ್ಟಕ್ಕಷ್ಟೇ. ಉಮ್ಮನಿಗೆ ಅರೆಭಾಷೆ ಬಾರದು. ಏನು ಮಾತಾಡಿದರೋ ದೇವರಿಗೇ ಗೊತ್ತು. ಒಂದೂವರೆ ಗಂಟೆ ಅವ್ವ ಹೊರಗೆ ಬರಲಿಲ್ಲ. ನಾನು ಗಂಜಿ ಬಡಿಸಿ, ಮಾವ ಉಂಡು, ಅವರಿಗೆ ನಿದ್ದೆಯ ಜೊಂಪು ಹತ್ತಿತು. ಆಚೆಯಿಂದ ಮೊದಲು ಗಟ್ಟಿ ಮಾತು, ಆಮೇಲೆ ಮೆಲು ಮಾತು, ಆಮೇಲೆ ನಗು ಕೇಳಿಸಿತು. ಅವ್ವ ಹಿಂದಿರುಗಿದಾಗ ಬಾಯಿ ಕೆಂಪಾಗಿತ್ತು, ತುರುಬಿನಲ್ಲಿ ಅಬ್ಬಲಿಗೆ ಇತ್ತು. ಅಪ್ಪ ಹೋದ ಮೇಲೆ ಅವಳು ಹೂ ಮುಡಿದದ್ದನ್ನು ನಾನು ನೋಡಿರಲಿಲ್ಲ. ಉಮ್ಮ ಒತ್ತಾಯ ಮಾಡಿ ಮುಡಿಸಿದ್ದರು. ಜಗಲಿಗೆ ಬರುತ್ತಲೇ ಅದನ್ನು ಮೆಲ್ಲಗೆ ತೆಗೆದು ನನ್ನ ದೇವರ ಪಟಕ್ಕೆ ಹಾಕಿದಳು. ಆದರೆ ಮುಖದಲ್ಲಿ ನಗು ಇತ್ತು.

ಆಮೇಲೆ ಮಾವನನ್ನು ಎಬ್ಬಿಸಿ, "ಹೂ ಉಟ್ಟು, ಮುಡಿಯಕ್ಕೆ ಜನ ಇಲ್ಲೆ. ಅಷ್ಟೇ ವಿಷಯ" ಎಂದಳು. ಹೂ ಇದೆಯಲ್ಲ, ಮುಡಿಯುವ ಜನ ಹುಡುಕುವುದು ಇನ್ನು ನಿನ್ನ ಕೆಲಸ ಎಂದು ಅವರಿಗೆ ಹೇಳಿದಳು.

ಮಾವ ಹುಡುಕಿದ್ದು ಕಡಬದ ಹತ್ತಿರದ ಒಂದು ಮನೆ. ಹುಡುಗಿ ಎಂಟನೇ ಕ್ಲಾಸು ಓದಿದವಳು, ಮನೆಯಲ್ಲಿ ಮಾತು ತುಳು. ಅವಳ ಅತ್ತಿಗೆಯ ತವರು ಕಾಣಿಯೂರು ಎಂದು ತಿಳಿದಾಗ ನಾನು ಹಿಂಜರಿದೆ. ಅಲ್ಲಿಗೆ ಎಲ್ಲ ಮುಟ್ಟಿರುತ್ತದೆ. ಬೇಡ ಎಂದೆ. ಅವ್ವ ಕೇಳಲಿಲ್ಲ.

ಹುಡುಗಿ ನೋಡಲು ಹೋದದ್ದು ಬೇಸಿಗೆ ರಜೆಯಲ್ಲಿ. ಹೊಳೆಯನ್ನು ದೋಣಿಯಲ್ಲಿ ದಾಟಿ, ಗುಡ್ಡೆ ಹತ್ತಿ ಹೋಗಬೇಕಿತ್ತು. ನಾವು ಮೂವರು ಜಗಲಿಯಲ್ಲಿ ಕೂತೆವು. ಬೆಲ್ಲ ನೀರು ಬಂತು, ಅವಲಕ್ಕಿ ಬಂತು. ಹುಡುಗಿಯ ತಂದೆ ಮಳೆ, ಬೆಳೆ, ನನ್ನ ಶಾಲೆ ಎಲ್ಲದರ ಬಗ್ಗೆ ಕೇಳಿದರು. ಆದರೆ ಒಳಬಾಗಿಲಿನಲ್ಲಿ ನಿಂತ ಹೆಂಗಸರ ಕಣ್ಣು ಬೇರೆಯೇ ಮಾತಾಡುತ್ತಿತ್ತು. ಅತ್ತಿಗೆ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಕೊನೆಗೆ ತಂದೆ ಗಂಟಲು ಸರಿಮಾಡಿಕೊಂಡು, ಒಂದು ಮಾತು ಕಿವಿಗೆ ಬಿದ್ದಿದೆ, ಕೇಳದೆ ಮುಂದುವರಿಯುವುದು ಸರಿಯಲ್ಲ ಎಂದು ಶುರು ಮಾಡಿದರು. ಅವ್ವ ಮೈ ನೆಟ್ಟಗೆ ಮಾಡಿ ಕೂತಳು.

ಆಗ ಒಳಗಿನಿಂದ ಹುಡುಗಿಯೇ ಬಂದಳು. ಕೈಯಲ್ಲಿ ಒಂದು ತಟ್ಟೆ. ವೀಳ್ಯ ತಂದಿದ್ದಾಳೆ ಎಂದುಕೊಂಡೆ. ತಟ್ಟೆಯನ್ನು ನನ್ನ ಎದುರಿಗಿಟ್ಟಳು. ಅದರ ತುಂಬ ಅಬ್ಬಲಿಗೆ, ಬದಿಯಲ್ಲಿ ನೆನೆಸಿದ ಬಾಳೆಯ ನಾರು.

"ನೀವು ಕಟ್ಟುದು ನಿಜವಾ, ಬೇರೆ ಯಾರಾದ್ರೂ ಕಟ್ಟಿ ಕೊಡುದಾ?" ಎಂದು ಕೇಳಿದಳು. ದನಿ ಸಣ್ಣದು, ಆದರೆ ಹೆದರಿಕೆ ಇರಲಿಲ್ಲ.

ಅವಳ ತಂದೆಗೆ ಸಿಟ್ಟು ಬಂತು, ಒಳಗೆ ಹೋಗು ಎಂದರು. ಅವಳು ಹೋಗಲಿಲ್ಲ. ನಾನು ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡೆ. ಅವಸರದಲ್ಲಿ ಎಳೆದು ಮೊದಲ ನಾಲ್ಕು ಹೂವಿನ ತೊಟ್ಟು ತುಂಡಾಯಿತು. ಯಾರೋ ಕಿಸಕ್ಕೆಂದರು. ಐದನೆಯದು ನಿಂತಿತು. ಆಮೇಲೆ ಕೈಗೆ ಅಭ್ಯಾಸದ ಓಟ ಸಿಕ್ಕಿತು, ಸುತ್ತ ಇದ್ದವರು ಮರೆತೇ ಹೋದರು. ಗೇಣುದ್ದ ಆಗುವಾಗ ತಲೆ ಎತ್ತಿದೆ. ಹುಡುಗಿ ಮಾಲೆಯ ತುದಿಯನ್ನು ಎತ್ತಿ, ಗಂಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅವಳ ಮುಖ ಬಿಗಿದುಕೊಂಡಿತು.

"ಇದು ಹೂವಿನ ಗಂಟು ಅಲ್ಲ," ಎಂದಳು. "ಬೀಡಿಯ ಗಂಟು."

ಅಷ್ಟು ಹೇಳಿ ತಡೆಯಲಾರದೆ ನಕ್ಕುಬಿಟ್ಟಳು. ಅವಳ ಮನೆಯಲ್ಲಿ ಅತ್ತಿಗೆಯೂ ಬೀಡಿ ಕಟ್ಟುವವಳೇ, ಹಾಗಾಗಿ ಗುರುತು ಸಿಕ್ಕಿತ್ತು. ನಾನು ಉಮ್ಮನ ಗೆರಸೆ ನೋಡಿ ಕಲಿತದ್ದನ್ನು ಹೇಳಿದೆ. ಅತ್ತಿಗೆ ಒಳಗಿನಿಂದ, ಆ ಉಮ್ಮನನ್ನು ಗೊತ್ತುಂಟು ನನಗೆ, ಅವರ ಮನೆಯ ಬೀಡಿ ಬಿಚ್ಚಿದ್ದನ್ನು ಯಾರೂ ನೋಡಿದವರಿಲ್ಲ ಎಂದಳು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅವಳ ತಂದೆ ತಾನು ಕೇಳಬೇಕೆಂದಿದ್ದ ಮಾತನ್ನು ಕೇಳಲೇ ಇಲ್ಲ.

ಮದುವೆ ಮರುವರ್ಷ ಮೇ ತಿಂಗಳಲ್ಲಿ ಆಯಿತು. ಉಮ್ಮ ಗಂಡನ ಜೊತೆ ಹಿಂದಿನ ದಿನವೇ ಬಂದಿದ್ದರು. ಕೈಯಲ್ಲಿ ಬಾಳೆಲೆಯ ದೊಡ್ಡ ಕಟ್ಟು. ಮೂರು ದಿನ ನನ್ನ ಏಳು ಗಿಡದಿಂದ ಕೊಯ್ದು ಕೊಯ್ದು ಒದ್ದೆ ಬಟ್ಟೆಯಲ್ಲಿಟ್ಟು, ತಾವೇ ಕಟ್ಟಿದ ಅಬ್ಬಲಿಗೆ. ಮದುಮಗಳ ಜಡೆಗೆ ಮಲ್ಲಿಗೆಯ ನಡುವೆ ಆ ಬಣ್ಣ ಸುತ್ತಿದ್ದರು. ಧಾರೆಯ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡಿರಬೇಕಾದ ನಾನು ಎರಡು ಮೂರು ಸಲ ಕದ್ದು ನೋಡಿದೆ. ಅದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೆ. ಉಮ್ಮ ಗಮನಿಸಿದ್ದರು, ತಿಂಗಳುಗಟ್ಟಲೆ ಹೇಳಿ ನಗಾಡಿದರು.

ಹೆಂಡತಿ ಕಾಣಿಯೂರಿಗೆ ಬಂದ ಮೇಲೆ ಒಂದು ವಿಷಯ ತಿಳಿಯಿತು. ಅವಳಿಗೆ ಅಬ್ಬಲಿಗೆ ಅಷ್ಟೇನೂ ಇಷ್ಟವಿಲ್ಲ. ಪರಿಮಳವಿಲ್ಲದ ಹೂವು ಉಪ್ಪಿಲ್ಲದ ಗಂಜಿ ಇದ್ದ ಹಾಗೆ ಎಂದಳು. ನಾನು ಪೆಚ್ಚಾದೆ. ನನ್ನ ಮುಖ ನೋಡಿ, ನೀವು ಕಟ್ಟಿದರೆ ಮುಡಿಯುತ್ತೇನೆ, ನನಗೆ ಕಟ್ಟಲು ಹೇಳಬೇಡಿ ಎಂದು ಒಪ್ಪಂದಕ್ಕೆ ಬಂದಳು. ಅದರಂತೇ ನಡೆಯಿತು. ಅವಳು ಪಾಗಾರದ ಬದಿಗೆ ಒಂದು ಮಲ್ಲಿಗೆ ಬಳ್ಳಿ ಹಬ್ಬಿಸಿದಳು, ಅದರ ಕೊಯ್ಲು, ಕಟ್ಟು ಎಲ್ಲ ಅವಳದೇ. ಅಬ್ಬಲಿಗೆ ನನ್ನದು. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಕಟ್ಟುತ್ತಿದ್ದೆವು, ಆಚೆ ಉಮ್ಮ ಬೀಡಿ ಕಟ್ಟುತ್ತಿದ್ದರು. ರಸ್ತೆಯಲ್ಲಿ ಹೋಗುವ ಹೆಂಗಸರು ಈಗ ನಿಂತು ಮಾತಾಡಿಸಿ, ಒಂದು ತುಂಡು ಕೇಳಿ ಮುಡಿದುಕೊಂಡು ಹೋಗುತ್ತಿದ್ದರು. ಹಿಂದೆ ತೋಡಿನ ಆಚೆ ಯಾರೋ ಇದ್ದಾರೆ ಎಂದವರೇ, ನಮಗೆ ಮೊದಲೇ ಗೊತ್ತಿತ್ತು ಮಾಷ್ಟ್ರು ಅಂಥವರಲ್ಲ ಎಂದು ಹೆಂಡತಿಯ ಹತ್ತಿರ ಹೇಳಿದರಂತೆ.

ನಾಲ್ಕು ವರ್ಷದ ಮೇಲೆ ನನಗೆ ಪುತ್ತೂರಿಗೆ ವರ್ಗವಾಯಿತು. ದರ್ಬೆಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಹಳೆಯ ಏಳರಲ್ಲಿ ಐದು ಆಗಲೇ ಮುಪ್ಪಾಗಿ ಹೋಗಿದ್ದವು, ಅವುಗಳ ಬೀಜದ ಗಿಡಗಳು ಅಂಗಳದ ತುಂಬ ಇದ್ದವು. ಎಂಟು ಗಿಡಗಳನ್ನು ಬೇರಿನ ಮಣ್ಣು ಉದುರದಂತೆ ಕಿತ್ತು, ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆವು. ಕಂಡಕ್ಟರು ಬುಟ್ಟಿಯನ್ನು ಮೇಲೆ ಹಾಕಿ ಎಂದ. ಮೇಲೆ ಬಿಸಿಲಿಗೆ ಬಾಡುತ್ತದೆ ಎಂದೆ. ಇಬ್ಬರಿಗೂ ಮಾತು ಬೆಳೆಯಿತು. ಹೆಂಡತಿ ತಲೆಯಿಂದ ಹೂವಿನ ಮಾಲೆ ಬಿಚ್ಚಿ, ಡ್ರೈವರನ ಎದುರಿಗಿದ್ದ ದೇವರ ಪಟಕ್ಕೆ ಹಾಕಿ ಎಂದು ಕಂಡಕ್ಟರನ ಕೈಗೆ ಕೊಟ್ಟಳು. ಬುಟ್ಟಿ ಪುತ್ತೂರಿನವರೆಗೆ ನಮ್ಮ ಕಾಲ ಬುಡದಲ್ಲೇ ಬಂತು.

ದರ್ಬೆಯ ಮನೆಯ ಹಿಂದೆ ಬರೀ ಗಟ್ಟಿ ಕೆಂಪು ಮುರಕಲ್ಲು. ಹಾರೆಯಲ್ಲಿ ಕೊರೆದು, ದೂರದಿಂದ ಮಣ್ಣು ಹೊತ್ತು ತಂದು ತುಂಬಿಸಿದೆ. ಎಂಟರಲ್ಲಿ ಮೂರು ಬದುಕಿದವು. ಹೂವು ಬಂತು, ಆದರೆ ಕಾಣಿಯೂರಿನಷ್ಟು ಇಲ್ಲ. ಸಾಲು ಮನೆಗಳ ನಡುವೆ ಬಿಸಿಲು ಕಡಮೆಯೇನೋ ಎಂದುಕೊಂಡೆ.

ಮರುವರ್ಷ ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಹೆಂಡತಿ ಮಗುವಿನ ಜೊತೆ ದರ್ಬೆಗೆ ಬಂದ ಹತ್ತನೇ ದಿನಕ್ಕೆ ಉಮ್ಮ ಬಸ್ಸಿನಲ್ಲಿ ಬಂದಿಳಿದರು. ಮಗುವಿಗೆ ಒಂದು ಹಸಿರು ಲಂಗ ತಂದಿದ್ದರು, ಎರಡು ವರ್ಷದವರೆಗೆ ಹಾಕಬಹುದಾದಷ್ಟು ದೊಡ್ಡದು. ಮಗುವನ್ನು ಎತ್ತಿಕೊಂಡು, ಮೂಗು ತಾಯಿಯದು, ಬೆರಳು ಮಾಷ್ಟ್ರದ್ದು ಎಂದು ತೀರ್ಮಾನ ಕೊಟ್ಟರು. ಆಮೇಲೆ ಗಿಡ ಎಲ್ಲಿ ಎಂದು ಕೇಳಿದರು. ನಾನು ಹಿಂದುಗಡೆಗೆ ಕರೆದುಕೊಂಡು ಹೋದೆ.

ಅವರು ನೋಡಿ ಹಣೆ ಚಚ್ಚಿಕೊಂಡರು. ದಿಂಡು ತಗ್ಗಾಗಿದೆ, ಬುಡ ಬಿಗಿದಿದೆ, ಒಣ ತೆನೆ ಹಾಗೇ ಬಿಟ್ಟಿದ್ದೀರಿ, ಮಗು ಬಂತೆಂದು ಇದನ್ನು ಮರೆತದ್ದೋ ಎಂದು ಸಾಲು ಹಿಡಿದು ಬೈದರು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ಇದ್ದ ಸಣ್ಣ ಪಿಕ್ಕಾಸು ಹಿಡಿದು ಕುಕ್ಕರುಗಾಲಿನಲ್ಲಿ ಕೂತರು. ನಾನು ಮಾಡುತ್ತೇನೆ, ನೀವು ಬಿಡಿ ಎಂದರೆ ಕೇಳಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ಹಿಂಬಾಗಿಲಿಗೆ ಬಂದು ನಿಂತು, ಇವರಿಗೆ ಇನ್ನೂ ಸ್ವಲ್ಪ ಜೋರಾಗಿ ಹೇಳಿ ಉಮ್ಮ ಎಂದಳು.

"ನಿಂತು ನೋಡುದು ಸಾಕು ಮಾಷ್ಟ್ರೇ," ಎಂದರು ಉಮ್ಮ, ತಲೆ ಎತ್ತದೆ. "ಒಂದು ಕೊಡ ನೀರು ತನ್ನಿ."

ನಾನು ಬಾವಿಗೆ ಹೋದೆ.